ಕೋವ್ಯಾಕ್ಸಿನ್ ಒಪ್ಪಂದದ ಪ್ರತಿ ನಮಗೆ ಸಿಗಬೇಕಾ, ಬೇಡವಾ?

ಹಳೇ ಟೈಪಿಸ್ಟ್: ಕೋವ್ಯಾಕ್ಸಿನ್ ಮಾಡಿದ್ದು ಐಸಿಎಂಆರ್ (ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಭಾರತ್ ಬಯೋಟೆಕ್ ಕಂಪನಿ ಸೇರಿ. ವೈರಸ್ ಬೇರ್ಪಡಿಸಿ ಕೊಟ್ಟಿದ್ದು ಪುಣೆಯ ಸರ್ಕಾರಿ ಲ್ಯಾಬು. ಟ್ರಯಲ್‌ಗೆ ಐಸಿಎಂಆರ್ ಸುಮಾರು 35 ಕೋಟಿ ಖರ್ಚು ಮಾಡಿದೆ ಎಂದು ಕೇಂದ್ರವೇ ಸುಪ್ರೀಂ ಕೋರ್ಟಿಗೆ ತಿಳಿಸಿತು. ಅದಲ್ಲದೆ ಕಂಪನಿಯ ಬೆಂಗಳೂರು ಘಟಕಕ್ಕೆ ಸುಮಾರು 65 ಕೋಟಿ ಅನುದಾನ ಎಂದು 2021ರ ಏಪ್ರಿಲ್‌ನಲ್ಲಿ ಸರ್ಕಾರ ಪ್ರಕಟಿಸಿತು. ದುಡ್ಡು ನಮ್ಮದು, ಸರ್ಕಾರ ಕಂಪನಿ ಜತೆ ಮಾಡಿಕೊಂಡ ಒಪ್ಪಂದ ಮಾತ್ರ ಗೋಪ್ಯ. ಇದು ಸರಿನಾ?

ರಾತ್ರಿ ಪಾಳಿ ಕ್ಯೂಎ: ಔಷಧ ಕಾರ್ಖಾನೆಯ ಕ್ಯೂಎಯಲ್ಲಿ, ಅಂದರೆ ಗುಣಮಟ್ಟ ನೋಡುವ ವಿಭಾಗದಲ್ಲಿ, 12 ವರ್ಷದಿಂದ ಇದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ಇಂಥ ಒಪ್ಪಂದಗಳಲ್ಲಿ ಬರೀ ದುಡ್ಡಿನ ಲೆಕ್ಕ ಇರುವುದಿಲ್ಲ ಸಾರ್. ಬ್ಯಾಚ್ ಎಷ್ಟು ದೊಡ್ಡದು, ಯೀಲ್ಡ್ (ಒಂದು ಬ್ಯಾಚಿನಿಂದ ಕೈಗೆ ಸಿಗುವ ಮಾಲು) ಎಷ್ಟು, ಅಂಥದ್ದೂ ಬರಬಹುದು. ಯೀಲ್ಡ್ ಒಂದು ಗೊತ್ತಾದರೆ ಸಾಕು, ಒಂದು ಡೋಸಿಗೆ ನಮಗೆ ಎಷ್ಟು ಬೀಳುತ್ತದೆ ಅಂತ ಪಕ್ಕದ ಕಂಪನಿಯವರು ಊಟದ ಬೆಲ್ ಹೊಡೆಯುವುದರೊಳಗೆ ಲೆಕ್ಕ ಹಾಕುತ್ತಾರೆ. ಕಂಪನಿ ತಾನು 500 ಕೋಟಿಗೂ ಜಾಸ್ತಿ ಹಾಕಿದ್ದೇನೆ ಎಂದಿದೆ. 35 ಕೋಟಿ ಕೊಟ್ಟವರು ಬೀರುವಿನ ಬೀಗದ ಕೈ ಕೇಳಿದರೆ ಹೇಗೆ?

ಸುಮ್ನೆ ಬಂದವನು: ಎಲ್ಲಾ ಕಮಿಷನ್ ಆಟ ಬಿಡಿ.

ಟೆಂಡರ್ ಶಾಖೆ (ನಿವೃತ್ತ): ಕಾಗದ ನೋಡದೆ ಕಮಿಷನ್ ಅನ್ನಬೇಡಿ. ಕಾಗದ ತೋರಿಸಿ ಅಂತ ಕೇಳುವುದೂ ಅದಕ್ಕೇ ಅಲ್ವಾ.

ಕ್ಯೂಎ ಅವರೇ, ಯೀಲ್ಡ್ ನಿಮ್ಮದೇ ಇರಲಿ. ದರವಂತೂ ಆಗಲೇ ಊರಿಗೆಲ್ಲ ಗೊತ್ತಿತ್ತು: 2021ರ ಮೇನಲ್ಲಿ ಡೋಸಿಗೆ ಕೇಂದ್ರಕ್ಕೆ 150, ರಾಜ್ಯಕ್ಕೆ 400, ಖಾಸಗಿ ಆಸ್ಪತ್ರೆಗೆ 1,200. 5 ಕೋಟಿ ಡೋಸಿಗೆ 787.5 ಕೋಟಿ ಪೂರ್ತಿ ಮುಂಗಡ ಹೋಗಿದೆ. ಭಾಗಿಸಿ ನೋಡಿ, ಡೋಸಿಗೆ 157.50. ಅಂದರೆ 150ರ ಮೇಲೆ ಶೇ 5 ಜಿಎಸ್‌ಟಿ. ನಾನು ಕೇಳುವುದು ಬೇರೆ. ಪೂರ್ತಿ ಮುಂಗಡ ಕೊಟ್ಟ ಮೇಲೆ ಮಾಲು ತಡವಾದರೆ ದಂಡ ಇತ್ತಾ? ಲಸಿಕೆಯಿಂದ ತೊಂದರೆಯಾದರೆ ಪರಿಹಾರ ಯಾರ ತಲೆಗೆ? ನಮ್ಮಲ್ಲಿ ಚರಂಡಿ ಕೆಲಸದ ಟೆಂಡರಿಗೂ ದಂಡದ ಕಲಂ ಹಾಕುತ್ತಿದ್ದೆವು. ಅದರಲ್ಲಿ ಯಾವ ಫಾರ್ಮುಲಾ ಇರುತ್ತದೆ ಸ್ವಾಮಿ?

ರಾತ್ರಿ ಪಾಳಿ ಕ್ಯೂಎ: ಚರಂಡಿಯನ್ನು ಹೊರದೇಶಕ್ಕೆ ಮಾರುವುದಿಲ್ಲವಲ್ಲ! ಷರತ್ತು ಬಯಲಾದರೆ ಮುಂದಿನ ದೇಶದವರು 'ನಮಗೂ ಅದೇ ಕೊಡಿ' ಅನ್ನುತ್ತಾರೆ. ಆಗ ಬಡ ದೇಶಗಳಿಗೆ ಕಡಿಮೆಗೆ ಕೊಡುವುದೇ ನಿಂತುಹೋಗುತ್ತದೆ.

ಪ್ರಿಟೋರಿಯಾದಿಂದ: ಬಡ ದೇಶಕ್ಕೆ ಕಡಿಮೆನಾ? ಇಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಹೆಲ್ತ್ ಜಸ್ಟಿಸ್ ಇನಿಷಿಯೇಟಿವ್ ಎಂಬ ಸಂಸ್ಥೆ ಕೋರ್ಟಿಗೆ ಹೋಯಿತು. 2023ರ ಆಗಸ್ಟ್‌ನಲ್ಲಿ ಹೈಕೋರ್ಟ್ ಲಸಿಕೆ ಒಪ್ಪಂದಗಳನ್ನು ಕೊಡಿ ಎಂದಿತು. ಸರ್ಕಾರ ಅಲ್ಲಿಯವರೆಗೆ ಹೇಳುತ್ತಿದ್ದದ್ದೂ ಇದನ್ನೇ, ಗೋಪ್ಯತೆಗೆ ಸಹಿ ಹಾಕಿದ್ದೇವೆ ಅಂತ. ತೆರೆದು ನೋಡಿದರೆ ಪುಣೆಯ ಸೀರಂ ಕಂಪನಿ ತಯಾರಿಸಿದ ಆಸ್ಟ್ರಾಜೆನೆಕಾ ಲಸಿಕೆಗೆ ದಕ್ಷಿಣ ಆಫ್ರಿಕಾ ಕೊಟ್ಟಿದ್ದು ಡೋಸಿಗೆ 5.35 ಡಾಲರ್. ಅದೇ ಲಸಿಕೆಗೆ ಯೂರೋಪಿನ ದರ 1.78 ಯೂರೋ. ಅದು ಗೊತ್ತಾಗಿದ್ದು ಬೆಲ್ಜಿಯಂನಲ್ಲಿ ಬಜೆಟ್ ನೋಡಿಕೊಳ್ಳುತ್ತಿದ್ದ ಸಚಿವೆ ಟ್ವೀಟ್ ಹಾಕಿ, ಆಮೇಲೆ ಅಳಿಸಿದ್ದರಿಂದ!

ರಾತ್ರಿ ಪಾಳಿ ಕ್ಯೂಎ: ಯೂರೋಪಿನವರು ಮೊದಲೇ ದುಡ್ಡು ಸುರಿದಿದ್ದರು, ಅದನ್ನೂ ಲೆಕ್ಕಕ್ಕೆ ತಗೊಳ್ಳಿ. ಆದರೆ ಯೂರೋವನ್ನು ಡಾಲರ್‌ಗೆ ಬದಲಿಸಿ ನೋಡಿದರೂ ಎರಡೂವರೆ ಪಟ್ಟು... ಸರಿ, ಜಾಸ್ತಿನೇ.

ಹಳೇ ಟೈಪಿಸ್ಟ್: ಈಗ ಇದನ್ನು ಕೇಳಿ. ಕೋವ್ಯಾಕ್ಸಿನ್ ಹಕ್ಕು ಇಬ್ಬರಿಗೂ ಸೇರಿದ್ದು, ಮಾರಾಟದ ಮೇಲೆ ಐಸಿಎಂಆರ್‌ಗೆ ರಾಯಲ್ಟಿ ಇದೆ ಎಂದು ಸರ್ಕಾರ ಹೇಳಿತ್ತು. ರಾಯಲ್ಟಿ ಬಂದಿದೆ ಕೂಡ, 2022ರ ಜನವರಿ ಕೊನೆಗೆ 171.74 ಕೋಟಿ. ಆದರೆ ಪೇಟೆಂಟ್ ಅರ್ಜಿಯಲ್ಲಿ ಐಸಿಎಂಆರ್ ಹೆಸರೇ ಇರಲಿಲ್ಲ. 2024ರ ಜೂನ್‌ನಲ್ಲಿ ಗಲಾಟೆ ಆದ ಮೇಲೆ ಸೇರಿಸಿದರು. ಕಂಪನಿ ಏನು ಹೇಳಿತು ಗೊತ್ತಾ? ಬೇಕಂತ ಮಾಡಿದ್ದಲ್ಲ, ಐಸಿಎಂಆರ್ ಜತೆಗಿನ ಒಪ್ಪಂದ ಗೋಪ್ಯ ದಾಖಲೆ ಆದ್ದರಿಂದ ಅದರ ಪ್ರತಿ ಸಿಕ್ಕಿರಲಿಲ್ಲ ಅಂತ. ಸಹಿ ಹಾಕಿದವರಿಗೇ ಸಿಗದಷ್ಟು ಗುಟ್ಟು!

ಸುಮ್ನೆ ಬಂದವನು: 😂😂 ಮದುವೆ ಪತ್ರಿಕೆ ಮದುಮಗನಿಗೇ ತೋರಿಸಿಲ್ಲ.

ರಾತ್ರಿ ಪಾಳಿ ಕ್ಯೂಎ: ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮಲ್ಲಿ ಬ್ಯಾಚ್ ರೆಕಾರ್ಡಿನ ಒಂದು ಹಾಳೆ ಕಾಣದಿದ್ದರೂ ಬ್ಯಾಚ್ ಹೊರಗೆ ಬಿಡುವುದಿಲ್ಲ. ಆದರೂ ಹೇಳುತ್ತೇನೆ, ಯೀಲ್ಡ್ ಕೊಡಬೇಡಿ.

ಟೆಂಡರ್ ಶಾಖೆ (ನಿವೃತ್ತ): ಯೀಲ್ಡ್ ಯಾರಿಗೆ ಬೇಕು ಮಾರಾಯರೇ. ಮಾಹಿತಿ ಹಕ್ಕು ಕಾಯ್ದೆಯ 8(1)(ಡಿ) ಓದಿ. ವಾಣಿಜ್ಯ ಗುಟ್ಟು ಕೊಡಬೇಕಿಲ್ಲ, ಆದರೆ ಸಾರ್ವಜನಿಕ ಹಿತ ದೊಡ್ಡದಾದರೆ ಕೊಡಬಹುದು ಅಂತ ಅದರಲ್ಲೇ ಇದೆ. ಸೆಕ್ಷನ್ 10 ಪ್ರಕಾರ ಗುಟ್ಟಿನ ಸಾಲಿಗೆ ಮಸಿ ಬಳಿದು ಉಳಿದದ್ದನ್ನು ಕೊಡಬಹುದು. ಟೈಪಿಸ್ಟ್ ಅವರೇ, 'ಪೂರ್ತಿ ಒಪ್ಪಂದ ಕೊಡಿ' ಅಂತ ಬರೆಯಬೇಡಿ, ನೇರವಾಗಿ 8ಕ್ಕೆ ಸಿಕ್ಕಿಸುತ್ತಾರೆ. ಆ 65 ಕೋಟಿ ಹಿಡಿಯಿರಿ. ಕೋವಿಡ್ ಸುರಕ್ಷಾ ಮಿಷನ್ ದುಡ್ಡು ಅದು, ನೋಡಿಕೊಂಡಿದ್ದು ಬಿರಾಕ್ (ಕೇಂದ್ರ ಜೈವಿಕ ತಂತ್ರಜ್ಞಾನ ಇಲಾಖೆಯ ಸಂಸ್ಥೆ). ಷರತ್ತು ಏನು, ಎಷ್ಟು ಕಂತು, ದುಡ್ಡು ಉದ್ದೇಶಕ್ಕೇ ಖರ್ಚಾಯಿತು ಎನ್ನುವ ಬಳಕೆ ಪ್ರಮಾಣಪತ್ರ ಬಂತಾ. ಮೂರೇ ಪ್ರಶ್ನೆ.

ಹಳೇ ಟೈಪಿಸ್ಟ್: ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಮನೆಯಲ್ಲೇ ಇದೆ. ಕರಡು ಇಲ್ಲೇ ಹಾಕುತ್ತೇನೆ. ಕ್ಯೂಎ ಅವರೇ, ನಿಮ್ಮ ಗುಟ್ಟಿನ ಸಾಲು ಎಲ್ಲಾದರೂ ನುಸುಳಿದ್ದರೆ ನೀವೇ ಹೊಡೆದುಹಾಕಿ.