‘ಡಾಕ್ಟರ್ ಹೂ’ ಧಾರಾವಾಹಿಯನ್ನು ಮೊದಲಿನಿಂದಲೇ ನೋಡಬೇಕೇ, ನಡುವೆ ಎಲ್ಲಿಂದಾದರೂ ಶುರು ಮಾಡಬಹುದೇ?

ಪ್ರಶ್ನೆ: ಕೊಪ್ಪಳದ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ದಸರಾ ರಜೆಗೆ ಊರಿಗೆ ಬಂದಿದ್ದ ನನ್ನ ತಮ್ಮ ಒಂದು ರಾತ್ರಿ ಊಟವಾದ ಮೇಲೆ, ಮಾಳಿಗೆಯ ಮೇಲೆ ಚಾಪೆ ಹಾಸಿ, ತನ್ನ ಲ್ಯಾಪ್‌ಟಾಪಿನಲ್ಲಿ ಕಾಲದಲ್ಲಿ ಹಿಂದೆ ಮುಂದೆ ಪಯಣಿಸುವ ‘ಡಾಕ್ಟರ್’ ಎಂಬಾತನ ಕಥೆಯಾದ ‘ಡಾಕ್ಟರ್ ಹೂ’ ಎಂಬ ಬ್ರಿಟಿಷ್ ಧಾರಾವಾಹಿಯ ಒಂದೇ ಒಂದು ಕಂತನ್ನು ನನಗೂ ಏಳನೆಯ ತರಗತಿಯಲ್ಲಿರುವ ನನ್ನ ಮಗನಿಗೂ ತೋರಿಸಿದ. 2007ರಲ್ಲಿ ಪ್ರಸಾರವಾದ ‘ಬ್ಲಿಂಕ್’ ಎಂಬುದು ಅದರ ಹೆಸರು. ಕಣ್ಣಿಟ್ಟು ನೋಡುತ್ತಿರುವಷ್ಟು ಹೊತ್ತು ಬರೀ ಕಲ್ಲಾಗಿದ್ದು, ನೋಡುವವರು ರೆಪ್ಪೆ ಬಡಿದ ಕೂಡಲೇ ಹತ್ತಿರಕ್ಕೆ ಸರಿದುಬಿಡುವ ದೇವದೂತರ ವಿಗ್ರಹಗಳ ಕಥೆ ಅದು. ಆ ವಿಗ್ರಹಗಳು ನಡೆಯುವುದನ್ನು ಕಂತಿನಲ್ಲಿ ಎಲ್ಲಿಯೂ ತೋರಿಸುವುದಿಲ್ಲ. ಬಲ್ಬು ಆರಿ ಮತ್ತೆ ಹೊತ್ತಿಕೊಂಡಾಗ ಅವು ಕೈ ಚಾಚಿಕೊಂಡು ಒಂದು ಮಾರು ಮುಂದೆ ನಿಂತಿರುತ್ತವೆ, ಅಷ್ಟೇ.

ಮುಂದಿನ ಭಾನುವಾರ ನಾವು ಇಟಗಿಯ ಮಹಾದೇವ ದೇವಾಲಯಕ್ಕೆ ಹೋಗಿದ್ದೆವು. ಕ್ರಿ.ಶ. 1112ರಲ್ಲಿ ಕಟ್ಟಿಸಿದ, ಶಾಸನವೇ ‘ದೇವಾಲಯ ಚಕ್ರವರ್ತಿ’ ಎಂದು ಕೊಂಡಾಡಿರುವ ಆ ಗುಡಿಯ ಕಂಬಗಳ ನಡುವೆ ನನ್ನ ಮಗ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ, “ಅವ್ವಾ, ನೀ ಆ ಕಡೀ ನೋಡ್ಕೋತ ಇರು, ನಾ ಈ ಕಡೀ ನೋಡ್ತೀನಿ” ಎಂದು ಪಿಸುಗುಟ್ಟಿದ. ನಲವತ್ತೈದು ನಿಮಿಷಗಳ ಒಂದು ಕಂತು ಮಗುವಿನ ಕಣ್ಣಿನಲ್ಲಿ ಇಷ್ಟು ದಿನ ಉಳಿಯುತ್ತದೆ ಎಂದಾದರೆ, ಇದನ್ನು ಪೂರ್ತಿಯಾಗಿ ನೋಡಲೇಬೇಕು ಎಂದು ನನಗೆ ಅಂದೇ ಅನ್ನಿಸಿತು.

ತೊಡಕು ಎಂದರೆ ಇದರ ಉದ್ದ. 1963ರಲ್ಲಿ ಶುರುವಾದ ಈ ಧಾರಾವಾಹಿಗೆ ಎಂಟುನೂರಕ್ಕೂ ಹೆಚ್ಚು ಕಂತುಗಳಿವೆಯೆಂದೂ, ಮುಖ್ಯ ಪಾತ್ರದ ನಟರೇ ಹನ್ನೆರಡಕ್ಕೂ ಹೆಚ್ಚು ಬಾರಿ ಬದಲಾಗಿದ್ದಾರೆಂದೂ ತಮ್ಮ ಹೇಳಿದ. ನಾನು ಯಾವ ಪುಸ್ತಕವನ್ನೇ ಆಗಲಿ ಮೊದಲ ಪುಟದಿಂದ ಓದುವವಳು. ನಡುವಿನಿಂದ ಓದಿದರೆ ಏನನ್ನೋ ಕದ್ದು ನೋಡಿದಂತೆ ಅನ್ನಿಸುತ್ತದೆ. ಹಾಗೆಂದು ಹಳೆಯ ಕಥೆಯೊಂದನ್ನು ಹಾಕಿಕೊಂಡು ಕುಳಿತಾಗ, ರಟ್ಟಿನ ಗೋಡೆಗಳನ್ನು ಕಂಡು ಮಗ ಹತ್ತು ನಿಮಿಷಕ್ಕೆ ಎದ್ದು ಹೋದ. ಜೊತೆಗೆ ಅವರ ಇಂಗ್ಲಿಷಿನ ವೇಗ ನಮ್ಮ ಮನೆಯವರಿಗೆ ಎಟುಕುವುದಿಲ್ಲ. ಇದನ್ನು ಬಹಳ ಕಾಲದಿಂದ ನೋಡುತ್ತಿರುವವರು ಎಲ್ಲಿಂದ ಶುರು ಮಾಡಬೇಕೆಂದು ದಯವಿಟ್ಟು ತಿಳಿಸಬೇಕು.

ಉತ್ತರ 1: ಬಯಲಾಟ, ಬಳ್ಳಾರಿ

ಮೇಡಂ, ನಿಮ್ಮ ಮಗ ಇಟಗಿಯಲ್ಲಿ ಹಿಂದೆ ಹಿಂದೆ ನಡೆದದ್ದನ್ನು ಓದಿ ಮನಸ್ಸು ತುಂಬಿ ಬಂತು. ನೀವು ಆಗಲೇ ಸರಿಯಾದ ಬಾಗಿಲಿನಿಂದ ಒಳಗೆ ಬಂದಿದ್ದೀರಿ. ಈ ಧಾರಾವಾಹಿಗೆ ಮೊದಲ ಪುಟ ಎಂಬುದೇ ಇಲ್ಲ. ಅದು ಏಕೆ ಹಾಗೆ ಎಂಬುದನ್ನು ನನಗೆ ಗೊತ್ತಿರುವ ರೀತಿಯಲ್ಲಿ ಹೇಳುತ್ತೇನೆ.

ನಾನು ಬೆಳೆದದ್ದು ಕುರುಗೋಡಿನ ಕಡೆಯ ಒಂದು ಹಳ್ಳಿಯಲ್ಲಿ. ಸುಗ್ಗಿ ಮುಗಿದ ಮೇಲೆ ನಮ್ಮೂರಿನಲ್ಲಿ ಬಯಲಾಟ ನಡೆಯುತ್ತಿತ್ತು. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಗಿನ ತನಕ ನಡೆಯುವ ಆಟಕ್ಕೆ ಜನ ಒಂದೇ ಹೊತ್ತಿಗೆ ಬರುತ್ತಿರಲಿಲ್ಲ. ದನಕ್ಕೆ ಮೇವು ಹಾಕಿ ಬಂದವರು, ಹೊಲಕ್ಕೆ ನೀರು ಹಾಯಿಸಿ ನಡುರಾತ್ರಿ ಬಂದವರು, ನಿದ್ದೆ ಮಾಡಿ ಎದ್ದ ಹುಡುಗರು, ಯಾರು ಯಾವಾಗ ಬಂದು ಕುಳಿತರೂ ಅವರಿಗೆ ಆಟ ತಿಳಿಯುತ್ತಿತ್ತು. ಅದಕ್ಕೆ ಕಾರಣ ಸಾರಥಿ. ಅಟ್ಟದ ಮೇಲೆ ಯಾವ ಪಾತ್ರ ಬಂದರೂ ಸಾರಥಿ ಎದುರಿಗೆ ನಿಂತು, ತಾವು ಯಾರು, ತಮ್ಮ ಸ್ಥಳ ಯಾವುದು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ಆ ಪ್ರಶ್ನೆಗಳು ಸಾರಥಿಯದಲ್ಲ, ಕೆಳಗೆ ಕುಳಿತ ನಮ್ಮದು. ‘ಡಾಕ್ಟರ್ ಹೂ’ದಲ್ಲಿ ಡಾಕ್ಟರನ ಜೊತೆಗೆ ಪಯಣಿಸುವ ಸಂಗಾತಿಯದೂ ಇದೇ ಕೆಲಸ. ಹಿಂದೆ ಬ್ರಿಟನ್ನಿನ ಬೀದಿಗಳಲ್ಲಿದ್ದ ಪೊಲೀಸ್ ದೂರವಾಣಿ ಪೆಟ್ಟಿಗೆಯಂತೆ ಕಾಣುವ ಆತನ ನೀಲಿ ಕಾಲಯಂತ್ರದೊಳಗೆ ಕಾಲಿಟ್ಟು, ಹೊರಗಿಗಿಂತ ಒಳಗೆ ಇಷ್ಟು ದೊಡ್ಡದಾಗಿರುವುದು ಹೇಗೆ ಎಂದು ಬೆರಗಾಗುವವರು ಅವರು. ನಾವು ಅವರ ಹಿಂದೆಯೇ ಕಾಲಿಡುತ್ತೇವೆ. ಕೆಲವು ವರ್ಷಗಳಿಗೊಮ್ಮೆ ಸಂಗಾತಿ ಬದಲಾಗುತ್ತಾರೆ, ಪ್ರಶ್ನೆಗಳು ಮತ್ತೆ ಮೊದಲಿನಿಂದ ಶುರುವಾಗುತ್ತವೆ. ಆದ್ದರಿಂದ ಹೊಸ ಸಂಗಾತಿ ಬಂದ ಕಂತು ಯಾವುದೇ ಇರಲಿ, ಅದು ಹೊಸ ಪ್ರೇಕ್ಷಕರಿಗಾಗಿಯೇ ಬರೆದ ಕಂತು.

ನಟರ ಬದಲಾವಣೆಯ ಬಗ್ಗೆಯೂ ನೀವು ಅಳುಕಬೇಕಿಲ್ಲ. ಮೊದಲ ಡಾಕ್ಟರನಾಗಿದ್ದ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಟ್ಟಿತ್ತು. ಧಾರಾವಾಹಿಯನ್ನು ನಿಲ್ಲಿಸುವ ಮನಸ್ಸು ಬಿಬಿಸಿಗೆ ಇರಲಿಲ್ಲ. ಆಗ ಬರಹಗಾರರು, ಈತ ಬೇರೆ ಲೋಕದವನು, ದೇಹ ಸವೆದಾಗ ಹೊಸ ದೇಹ ತಾಳುತ್ತಾನೆ ಎಂಬ ಕಲ್ಪನೆ ಮಾಡಿದರು. 1966ರ ಅಕ್ಟೋಬರಿನ ಒಂದು ಶನಿವಾರ ಸಂಜೆ ಹಾರ್ಟ್‌ನೆಲ್ ಯಂತ್ರದ ನೆಲದ ಮೇಲೆ ಕುಸಿದರು, ಬೆಳಕು ಕವಿಯಿತು, ಅದು ತಿಳಿಯಾದಾಗ ಪ್ಯಾಟ್ರಿಕ್ ಟ್ರೌಟನ್ ಅವರ ಮುಖವಿತ್ತು. ಒಬ್ಬ ನಟನ ಕಾಯಿಲೆಯಿಂದ ಬಂದ ಇಕ್ಕಟ್ಟೇ ಈ ಕಥೆಗೆ ಇಷ್ಟು ದೀರ್ಘ ಆಯುಷ್ಯ ಕೊಟ್ಟಿತು. ನಮ್ಮೂರಿನಲ್ಲಿ ಇಪ್ಪತ್ತು ವರ್ಷ ದುರ್ಯೋಧನನ ಪಾತ್ರ ಮಾಡಿದ್ದ ನನ್ನ ಸೋದರಮಾವನಿಗೆ ಮೊಣಕಾಲು ಹಿಡಿದುಕೊಂಡ ವರ್ಷ, ಅದೇ ಭುಜಕೀರ್ತಿ ಕಟ್ಟಿಕೊಂಡು ಬೇರೊಬ್ಬರು ಅಟ್ಟ ಹತ್ತಿದರು. ಜನ ಮೊದಲ ರಾತ್ರಿ ಗೊಣಗಿದರು. ಎರಡನೆಯ ವರ್ಷ ಇವರ ಕುಣಿತವೂ ಚೆಂದ ಎಂದರು. ಹೊಸ ಡಾಕ್ಟರ್ ಬಂದಾಗಲೆಲ್ಲ ನನಗೆ ಆಗುವುದು ಇದೇ ಅನುಭವ.

ನನ್ನ ಸಲಹೆ ಹೀಗಿದೆ. 1989ರಲ್ಲಿ ನಿಂತುಹೋದ ಧಾರಾವಾಹಿ, 1996ರ ಒಂದು ದೂರದರ್ಶನ ಚಿತ್ರವನ್ನು ಬಿಟ್ಟರೆ, 2005ರ ಮಾರ್ಚಿನಲ್ಲಿ ‘ರೋಸ್’ ಎಂಬ ಕಂತಿನಿಂದ ಮರಳಿ ಬಂತು. ಲಂಡನ್ನಿನ ಅಂಗಡಿಯೊಂದರಲ್ಲಿ ಕೆಲಸ ಮಾಡುವ ಹತ್ತೊಂಬತ್ತರ ಹುಡುಗಿ ಅದರ ಸಾರಥಿ. ಅಲ್ಲಿಂದ ಶುರು ಮಾಡಿ. ನಡುವೆ ಒಂದು ದಿನ 2010ರ ‘ವಿನ್ಸೆಂಟ್ ಅಂಡ್ ದ ಡಾಕ್ಟರ್’ ನೋಡಿ. ಅದರಲ್ಲಿ ಚಿತ್ರಕಾರ ವ್ಯಾನ್ ಗಾಗ್ ಇಬ್ಬರು ಪಯಣಿಗರ ಕೈ ಹಿಡಿದುಕೊಂಡು ಹುಲ್ಲಿನ ಮೇಲೆ ಅಂಗಾತ ಮಲಗಿ, ನಮಗೆ ಬರೀ ಕತ್ತಲಾಗಿ ಕಾಣುವ ಆಕಾಶ ತನಗೆ ಹೇಗೆ ಕಾಣುತ್ತದೆ ಎಂದು ಹೇಳುತ್ತಾ ಹೋದಂತೆ, ನಕ್ಷತ್ರಗಳು ನಿಧಾನವಾಗಿ ಅವನ ಕುಂಚದ ಸುಳಿಗಳಾಗುತ್ತವೆ. ಅದನ್ನೂ ಮಾಳಿಗೆಯ ಮೇಲೆಯೇ ನೋಡಿ.

ಉತ್ತರ 2: ಮೈಕ್ ಸೆಟ್, ರಾಯಚೂರು

ಮೇಲಿನ ಹಿರಿಯರ ಸಾರಥಿಯ ಮಾತು ನನಗೆ ಪೂರ್ತಿ ಒಪ್ಪಿಗೆ. ಆದರೆ 1989ರ ಹಿಂದಿನದನ್ನು ಅವರು ಬೇಗ ದಾಟಿಬಿಟ್ಟರು ಎಂಬುದು ನನ್ನ ತಕರಾರು. ಹಳೆಯ ಕಂತುಗಳನ್ನು ನೋಡುವ ಮೊದಲು ಕೇಳಬೇಕು. ನಾನು ಜಾತ್ರೆ, ಮದುವೆ, ಸಭೆಗಳಿಗೆ ಧ್ವನಿವರ್ಧಕ ಒದಗಿಸುವ ಕೆಲಸ ಮಾಡುವವನಾದ್ದರಿಂದ ಈ ಮಾತನ್ನು ಕೊಂಚ ವಿವರವಾಗಿ ಹೇಳಲು ಅವಕಾಶ ಕೊಡಿ.

ಇದರ ಶೀರ್ಷಿಕೆ ಸಂಗೀತವನ್ನು ರಚಿಸಿದವರು ರಾನ್ ಗ್ರೇನರ್. ಅದಕ್ಕೆ ನಾವು ಕೇಳುವ ರೂಪ ಕೊಟ್ಟವರು ಬಿಬಿಸಿಯ ರೇಡಿಯೋಫೋನಿಕ್ ವರ್ಕ್‌ಶಾಪ್ ಎಂಬ ಧ್ವನಿ ಪ್ರಯೋಗಶಾಲೆಯಲ್ಲಿದ್ದ ಡೀಲಿಯಾ ಡರ್ಬಿಶೈರ್ ಎಂಬ ಹೆಣ್ಣುಮಗಳು. 1963ರಲ್ಲಿ ಅವರ ಕೈಯಲ್ಲಿ ಇಂದಿನಂಥ ಕೀಬೋರ್ಡ್ ಇರಲಿಲ್ಲ. ಮೀಟಿದ ಒಂದು ತಂತಿಯ ದನಿಯನ್ನೂ ಆಂದೋಲಕ ಯಂತ್ರಗಳ ಸ್ವರಗಳನ್ನೂ ಟೇಪಿಗೆ ಹತ್ತಿಸಿಕೊಂಡು, ವೇಗ ಹೆಚ್ಚಿಸಿ ತಗ್ಗಿಸಿ ಬೇಕಾದ ಶ್ರುತಿಗೆ ತಂದು, ಆ ಟೇಪನ್ನು ಸ್ವರ ಸ್ವರವಾಗಿ ಬ್ಲೇಡಿನಿಂದ ಕತ್ತರಿಸಿ ಅಂಟಿಸುತ್ತಾ ಅವರು ಇಡೀ ರಾಗವನ್ನು ಕಟ್ಟಿದರು. ಯಂತ್ರ ಹೊರಡುವಾಗ ಬರುವ ಏದುಸಿರಿನಂಥ ಸದ್ದನ್ನು ಮಾಡಿದವರು ಬ್ರಯಾನ್ ಹಾಡ್ಜ್‌ಸನ್. ಹಳೆಯ ಪಿಯಾನೋವೊಂದರ ಮಂದ್ರದ ತಂತಿಗಳ ಉದ್ದಕ್ಕೂ ತಮ್ಮ ತಾಯಿಯ ಮನೆಯ ಬೀಗದ ಕೈಯನ್ನು ಎಳೆದು ಅದನ್ನು ಮಾಡಿದರು. ಇದನ್ನು ತಿಳಿದ ದಿನ ನಾನು ಅಂಗಡಿಯಲ್ಲಿದ್ದ ತಂತಿಯ ಮೇಲೆ ನಮ್ಮ ಬೀಗದ ಕೈಯನ್ನು ಎಳೆದು ನೋಡಿದೆ. ಸುತ್ತು ಹಾಕಿದ ದಪ್ಪ ತಂತಿಯ ಮೇಲೆ ಲೋಹದ ಹಲ್ಲು ಜಾರುವಾಗ ಹೊರಡುವ ಆ ಕರಕರ ಸದ್ದಿನಲ್ಲಿ ನಿಜವಾಗಿಯೂ ಒಂದು ಉಸಿರು ಇದೆ. ನಿಮ್ಮ ಮಗನಿಗೆ ರಟ್ಟಿನ ಗೋಡೆ ಕಂಡಿದ್ದರೆ, ಕಣ್ಣು ಮುಚ್ಚಿಸಿ ಇದನ್ನು ಕೇಳಿಸಿ.

ಇನ್ನೊಂದು ಸಂಗತಿ. ಅರವತ್ತರ ದಶಕದ ತೊಂಬತ್ತಕ್ಕೂ ಹೆಚ್ಚು ಕಂತುಗಳ ಚಿತ್ರ ಇಂದು ನಮಗೆ ಸಿಗುವುದಿಲ್ಲ. ಆಗ ವಿಡಿಯೋ ಟೇಪು ದುಬಾರಿ. ಪ್ರಸಾರವಾದದ್ದನ್ನು ಮುಂದೆ ಯಾರಾದರೂ ಮತ್ತೆ ಕೇಳಿಯಾರು ಎಂಬ ಎಣಿಕೆಯೇ ಇರಲಿಲ್ಲ. ಹಾಗಾಗಿ ಅಳಿಸಿ ಬೇರೆ ಕಾರ್ಯಕ್ರಮಕ್ಕೆ ಬಳಸಿದರು. ಆದರೆ ಕಳೆದುಹೋದ ಅಷ್ಟೂ ಕಂತುಗಳ ಧ್ವನಿ ಉಳಿದಿದೆ. ಅದನ್ನು ಉಳಿಸಿದವರು ಮನೆಯಲ್ಲಿ ಟಿವಿಯ ಮುಂದೆ ಟೇಪ್‌ರೆಕಾರ್ಡರ್ ಇಟ್ಟುಕೊಂಡು ಕುಳಿತ ಅಭಿಮಾನಿ ಹುಡುಗರು. 2013ರಲ್ಲಿ ಒಂಬತ್ತು ಕಂತುಗಳ ಚಿತ್ರ ದೂರದ ನೈಜೀರಿಯಾದಲ್ಲಿ ಸಿಕ್ಕಿತು. ಇದನ್ನು ಓದುವಾಗ ನನ್ನ ಎದೆ ಭಾರವಾಗುತ್ತದೆ. ನಮ್ಮ ಅಜ್ಜ ಏಕತಾರಿ ಹಿಡಿದು ಹಾಡುತ್ತಿದ್ದ ತತ್ವಪದಗಳ ಒಂದು ಕ್ಯಾಸೆಟ್ ಮನೆಯಲ್ಲಿತ್ತು. ಹತ್ತನೆಯ ವಯಸ್ಸಿನಲ್ಲಿ ಅದರ ಮೇಲೆ ಸಿನಿಮಾ ಹಾಡು ಹತ್ತಿಸಿದವನು ನಾನು. ಎರಡನೆಯ ಬದಿಯ ಕೊನೆಯಲ್ಲಿ ಅಜ್ಜ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುವ ಸದ್ದು ಮಾತ್ರ ಉಳಿದಿದೆ. ಆದ್ದರಿಂದ ಹಳೆಯ ಕಂತು ಮಾಸಲಾಗಿದ್ದರೂ ಅದು ಉಳಿದು ಬಂದದ್ದು ಎಂಬ ನೆನಪಿನಿಂದ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.

ಹಳೆಯದರಲ್ಲಿ ಒಂದನ್ನೇ ನೋಡುವುದಾದರೆ 1975ರ ‘ಜೆನೆಸಿಸ್ ಆಫ್ ದ ಡಾಲೆಕ್ಸ್’ ನೋಡಿ. ಉದ್ದನೆಯ ಕೊರಳವಸ್ತ್ರದ ಟಾಮ್ ಬೇಕರ್ ಆಗ ಡಾಕ್ಟರ್. ಮುಂದೆ ಕೋಟಿಗಟ್ಟಲೆ ಜೀವಗಳನ್ನು ಕೊಲ್ಲಲಿರುವ ಒಂದು ಜನಾಂಗವನ್ನು ಹುಟ್ಟುವ ಮೊದಲೇ ಮುಗಿಸಿಬಿಡಲು ಅವರು ಎರಡು ತಂತಿಗಳನ್ನು ಕೂಡಿಸಿದರೆ ಸಾಕು. ಎರಡನ್ನೂ ಕೈಯಲ್ಲಿ ಹಿಡಿದು, ನಡುವೆ ಬೆರಳಷ್ಟು ಅಂತರ ಬಿಟ್ಟು, ನನಗೆ ಈ ಹಕ್ಕು ಇದೆಯೇ ಎಂದು ಅವರು ಕೇಳಿಕೊಳ್ಳುತ್ತಾರೆ. ಅಲ್ಲಿ ರಟ್ಟಿನ ಗೋಡೆ ನಿಮ್ಮ ಮಗನ ಕಣ್ಣಿಗೆ ಬೀಳುವುದಿಲ್ಲ. ಅದು ಸುಮಾರು ಇಪ್ಪತ್ತೈದು ನಿಮಿಷಗಳ ಆರು ಕಂತುಗಳ ಕಥೆ. ದಿನಕ್ಕೆ ಒಂದೇ ನೋಡಿ. ವಾರಕ್ಕೊಂದರಂತೆ ನೋಡಲೆಂದು ಮಾಡಿದ್ದನ್ನು ಒಂದೇ ಸಮನೆ ನೋಡಿದರೆ ಬೇಸರ ಬರುತ್ತದೆ.

ಉತ್ತರ 3: ಸಿಂಧನೂರು

ಇಂಗ್ಲಿಷಿನ ತೊಂದರೆಗೆ ನನ್ನ ಅನುಭವದ ಮಾತು: ಇಂಗ್ಲಿಷ್ ಸಬ್‌ಟೈಟಲ್ ಹಾಕಿಕೊಳ್ಳಿ, ಬೇಕಾದಲ್ಲಿ ನಿಲ್ಲಿಸಿ, ಕಥೆಯನ್ನು ಕನ್ನಡದಲ್ಲಿ ಹೇಳುವ ಕೆಲಸವನ್ನು ಮಗನಿಗೇ ವಹಿಸಿ.

ಇನ್ನೊಂದು ಕಂತನ್ನು ನಾನು ಸೇರಿಸಬೇಕು. 2018ರ ‘ಡೀಮನ್ಸ್ ಆಫ್ ದ ಪಂಜಾಬ್’. ಜೋಡಿ ವಿಟ್ಟೇಕರ್ ಆಗ ಡಾಕ್ಟರ್, ಬರೆದವರು ವಿನಯ್ ಪಟೇಲ್. ಸಂಗಾತಿಯಾದ ಯಾಸ್ಮಿನ್ ತನ್ನ ಅಜ್ಜಿಯ ಹರೆಯವನ್ನು ನೋಡಬೇಕೆಂದು ಹಟ ಹಿಡಿದು 1947ರ ಆಗಸ್ಟಿಗೆ ಹೋಗುತ್ತಾಳೆ. ಅಲ್ಲಿ ಹೊಲಗಳ ನಡುವೆ ಗಡಿಯ ಗೆರೆ ಬೀಳುತ್ತಿರುತ್ತದೆ. ಅಜ್ಜಿಯ ಮದುವೆ ಅದೇ ಗೆರೆಯ ಮೇಲೆ ನಡೆಯುತ್ತದೆ. ನಮ್ಮ ತಾಲ್ಲೂಕಿನಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೆ ನೆಲೆ ಕೊಟ್ಟ ಆರ್.ಎಚ್. ಕ್ಯಾಂಪುಗಳಿವೆ. ಅಲ್ಲಿನ ನನ್ನ ಗೆಳೆಯನ ಮನೆಯಲ್ಲಿ ನಾವು ಇದನ್ನು ಒಟ್ಟಿಗೆ ನೋಡಿದೆವು. ಕಂತು ಮುಗಿದು, ಶೀರ್ಷಿಕೆ ಸಂಗೀತ ನಮ್ಮ ಕಡೆಯ ರಾಗದ ಧಾಟಿಯಲ್ಲಿ ಬರುವಾಗ, ಗೆಳೆಯನ ತಾಯಿ ಎದ್ದು ಒಳಗೆ ಹೋಗಿ ಟ್ರಂಕಿನಿಂದ ಒಂದು ಹಿತ್ತಾಳೆಯ ಬಟ್ಟಲು ತಂದು ನಮ್ಮ ಮುಂದೆ ಇಟ್ಟರು. ಅವರ ಅತ್ತೆ ಆ ಕಡೆಯಿಂದ ತಂದದ್ದಂತೆ. ಅದೇ ಮನೆಯಲ್ಲಿ ಹದಿನೈದು ವರ್ಷ ಊಟ ಮಾಡಿದ ನಾನು ಆ ಬಟ್ಟಲನ್ನು ಅಂದೇ ಮೊದಲು ಕಂಡೆ. ಕಂತಿನ ಕೊನೆ ನೋವಿನದು. ಮಗನ ಪಕ್ಕದಲ್ಲಿ ನೀವು ಕುಳಿತಿರಿ.

ಈ ಧಾರಾವಾಹಿಯ ಮೊಟ್ಟಮೊದಲ ಕಂತನ್ನು ನಿರ್ದೇಶಿಸಿದವರು ಲಖನೌದಲ್ಲಿ ಹುಟ್ಟಿದ ವಾರಿಸ್ ಹುಸೇನ್. ಆಗ ಅವರಿಗೆ ಇಪ್ಪತ್ತೈದು ದಾಟಿರಲಿಲ್ಲ. ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್ ಅವರೂ ಇಪ್ಪತ್ತರ ಹರೆಯದವರೇ. 1963ರ ನವೆಂಬರ್ 23ರಂದು, ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯ ಮರುದಿನವೇ, ಅದು ಪ್ರಸಾರವಾಯಿತು; ಮುಂದಿನ ಶನಿವಾರ ಅದನ್ನು ಮತ್ತೊಮ್ಮೆ ತೋರಿಸಿ ಆಮೇಲೆ ಎರಡನೆಯ ಕಂತಿಗೆ ಹೋದರು. ಆ ಮೊದಲ ಕಂತಿನಲ್ಲಿ ಇಬ್ಬರು ಶಿಕ್ಷಕರು ತಮ್ಮ ಶಾಲೆಯ ಒಬ್ಬ ವಿಚಿತ್ರ ವಿದ್ಯಾರ್ಥಿನಿಯ ಮನೆ ಹುಡುಕಿಕೊಂಡು ಹೋಗುತ್ತಾರೆ. ಒಬ್ಬರು ಇತಿಹಾಸದವರು, ಇನ್ನೊಬ್ಬರು ವಿಜ್ಞಾನದವರು. ಅಕ್ಕಾ, ನೀವು ಅದನ್ನು ನೋಡದೆ ಇರಬಾರದು.

ಪ್ರಶ್ನೆ ಕೇಳಿದವರು: ಕೊಪ್ಪಳದ ವಿಜ್ಞಾನ ಶಿಕ್ಷಕಿ

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರದಲ್ಲಿ ‘ರೋಸ್’ ಕಂತಿನಿಂದ ಮುಂದಕ್ಕೆ ಆರು ಕಂತುಗಳನ್ನು ನೋಡಿದೆವು. ಅಂಗಡಿಯ ಗೊಂಬೆಗಳು ಕೈ ಎತ್ತಿದಾಗ ಮಗ ನನ್ನ ಸೆರಗು ಹಿಡಿದುಕೊಂಡ. ರಾಯಚೂರಿನ ಅಣ್ಣನವರು ಹೇಳಿದ ಬೀಗದ ಕೈಯ ಸಂಗತಿಯನ್ನು ತರಗತಿಯಲ್ಲಿ ಶಬ್ದದ ಪಾಠಕ್ಕೆ ಬಳಸಿದೆ. ಹಳೆಯ ಹಾರ್ಮೋನಿಯಂ ಮೇಷ್ಟ್ರ ಬಳಿಯಿದ್ದ ತಂಬೂರಿಯ ತಂತಿಯ ತುಂಡನ್ನು ಹಲಗೆಗೆ ಬಿಗಿದು ಮಕ್ಕಳೇ ಎಳೆದು ಕೇಳಿದರು. ತಂತಿ ಸಡಿಲಿಸಿದಷ್ಟೂ ಸದ್ದಿನ ಶ್ರುತಿ ಹೇಗೆ ತಗ್ಗುತ್ತದೆ ಎಂಬುದನ್ನು ಅಂದು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ.

ನಿನ್ನೆ ರಾತ್ರಿ 1963ರ ಆ ಮೊದಲ ಕಂತನ್ನು ನೋಡಿದೆವು. ಕಪ್ಪು ಬಿಳುಪು ಚಿತ್ರ, ಮಂಜು ಕವಿದ ಬೀದಿ, ಗುಜರಿಯ ಅಂಗಳ. ವಿಜ್ಞಾನದ ಮೇಷ್ಟ್ರು ಆ ಪೆಟ್ಟಿಗೆಗೆ ಕೈ ತಾಗಿಸಿದ ಕೂಡಲೇ ಅದರೊಳಗಿನ ಕಂಪನ ಅಂಗೈಗೆ ತಿಳಿದು ಕೈ ಹಿಂದೆಳೆದುಕೊಳ್ಳುತ್ತಾರೆ. ಆಮೇಲೆ ಸುತ್ತ ಒಂದು ಬಾರಿ ನಡೆದು, ಇದಕ್ಕೆ ಎಲ್ಲಿಂದಾದರೂ ತಂತಿಯ ಸಂಪರ್ಕ ಇದೆಯೇ ಎಂದು ಹುಡುಕುತ್ತಾರೆ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಈ ಬಾರಿ ಮಗ ಎದ್ದು ಹೋಗಲಿಲ್ಲ.

ಇಂಗ್ಲಿಷಿನ ಒಂದು ಅಕ್ಷರವೂ ತಿಳಿಯದ ನಮ್ಮ ಅತ್ತೆಯವರು ಎಲೆ ಅಡಿಕೆ ಹಾಕಿಕೊಳ್ಳುತ್ತಾ ಹಿಂದೆ ಕುಳಿತಿದ್ದರು. ಕತ್ತಲಿನಿಂದ ಕೆಮ್ಮುತ್ತಾ ಹಾರ್ಟ್‌ನೆಲ್ ಬಂದು, ಕೊರಳಿಗೆ ವಸ್ತ್ರ ಸುತ್ತಿಕೊಂಡು ಪೆಟ್ಟಿಗೆಯ ಮುಂದೆ ನಿಂತಾಗ ಅವರು ಮುಂದಕ್ಕೆ ಬಾಗಿ ಕೇಳಿದರು: “ಆ ಮುದುಕ ಯಾರಪಾ? ಎಲ್ಲಿಂದ ಬಂದಾನ?”

ಮಗ ಕಂತನ್ನು ನಿಲ್ಲಿಸಿ, ಅಜ್ಜಿಯ ಕಡೆಗೆ ತಿರುಗಿ ಕುಳಿತು, ಹೇಳತೊಡಗಿದ.