ಭಾರತ ಫುಟ್‌ಬಾಲ್ ತಂಡದ ದಾಖಲೆ: ಪಂದ್ಯಗಳ ಲೆಕ್ಕ ಯಾಕೆ ತಾಳೆಯಾಗ್ತಿಲ್ಲ?

ಎಡವಿಂಗ್:
ಭಾರತ ಪುರುಷರ ತಂಡ ಆಡಿದ ಟೂರ್ನಿಗಳ ಪಟ್ಟಿ ಮಾಡ್ತಿದ್ದೇನೆ. ಆಡಿದ್ದು, ಗೆದ್ದದ್ದು, ಡ್ರಾ, ಸೋತದ್ದು, ಗೋಲು, ಇಷ್ಟೇ ಕಾಲಂ. ಒಂದೊಂದು ಕಡೆ ಒಂದೊಂದು ಅಂಕಿ ಸಿಗ್ತಿದೆ. 2023ರ ಸ್ಯಾಫ್ (ದಕ್ಷಿಣ ಏಷ್ಯಾ ಫುಟ್‌ಬಾಲ್ ಟೂರ್ನಿ) ಫೈನಲ್ ಗೆಲುವೋ ಡ್ರಾವೋ? ಒಲಿಂಪಿಕ್ಸ್, ಏಷ್ಯನ್ ಗೇಮ್ಸ್ ಪಂದ್ಯಗಳನ್ನು ಎಲ್ಲಿಯವರೆಗೆ ಸೇರಿಸಬೇಕು? 1950ರ ವಿಶ್ವಕಪ್ ಸಾಲಿನಲ್ಲಿ ಏನು ಬರೆಯೋದು?

ಸ್ಕೋರ್‌ಬುಕ್:
ಪೆನಾಲ್ಟಿ ಶೂಟೌಟ್‌ಗೆ ಹೋದ ಪಂದ್ಯ ದಾಖಲೆಯಲ್ಲಿ ಡ್ರಾ. ಹೆಚ್ಚಿನ ಗೊಂದಲ ಹುಟ್ಟೋದೇ ಇಲ್ಲಿ. ನೀವು ಕೇಳಿದ ಟೂರ್ನಿಯನ್ನೇ ಬಿಡಿಸಿ ನೋಡಿ: ಪಾಕಿಸ್ತಾನ 4-0, ನೇಪಾಳ 2-0, ಗುಂಪಿನಲ್ಲಿ ಕುವೈತ್ 1-1, ಸೆಮಿಫೈನಲ್‌ನಲ್ಲಿ ಲೆಬನಾನ್ 0-0, ಫೈನಲ್‌ನಲ್ಲಿ ಮತ್ತೆ ಕುವೈತ್ 1-1. ಐದು ಪಂದ್ಯ, 2 ಗೆಲುವು, 3 ಡ್ರಾ, ಗೋಲು 8-2. ಕಂಠೀರವದಲ್ಲಿ ಕಪ್ ಎತ್ತಿದ ತಂಡದ ಹೆಸರಲ್ಲಿ ಗೆಲುವು ಎರಡೇ! ಶೂಟೌಟ್ ಅಂಕಿಗಳನ್ನು (ಸೆಮಿ 4-2, ಫೈನಲ್ 5-4) ಪಕ್ಕದಲ್ಲಿ ಬೇರೆಯಾಗಿ ಬರೆಯಿರಿ. ಅವನ್ನು ಗೋಲಿಗೆ ಕೂಡಿಸಿದರೆ ಇಡೀ ಕಾಲಂ ಕೆಡುತ್ತೆ.

ಫಿಫಾ ರ್‍ಯಾಂಕಿಂಗ್ ಲೆಕ್ಕವನ್ನು ಇದರ ಜೊತೆ ಬೆರೆಸಬೇಡಿ. 2018ರಿಂದ ಇರುವ ಸೂತ್ರದಲ್ಲಿ ಗೆಲುವಿಗೆ 1, ಡ್ರಾಗೆ 0.5, ಶೂಟೌಟ್ ಗೆದ್ದವರಿಗೆ 0.75, ಅದರಲ್ಲಿ ಸೋತವರಿಗೆ 0.5. ಅದು ರ್‍ಯಾಂಕಿಂಗ್ ಪಾಯಿಂಟ್‌ಗೆ ಮಾತ್ರ.

ವಯಸ್ಸಿನ ಮಿತಿ: ಒಲಿಂಪಿಕ್ಸ್ ಫುಟ್‌ಬಾಲ್ 1992ರಿಂದ, ಏಷ್ಯನ್ ಗೇಮ್ಸ್ 2002ರಿಂದ 23 ವರ್ಷದೊಳಗಿನವರ ಟೂರ್ನಿ. ಒಲಿಂಪಿಕ್ಸ್‌ನಲ್ಲಿ ನಿಮಗೆ ತೊಂದರೆ ಇಲ್ಲ, ಭಾರತ ಆಡಿದ್ದೇ 1948, 1952, 1956, 1960ರಲ್ಲಿ. ಏಷ್ಯನ್ ಗೇಮ್ಸ್‌ನಲ್ಲಿ 1951 ಮತ್ತು 1962ರ ಚಿನ್ನ, 1970ರ ಕಂಚು ಹಿರಿಯರ (ವಯಸ್ಸಿನ ಮಿತಿ ಇಲ್ಲದ ಮುಖ್ಯ) ತಂಡದ್ದು. 2002ರಿಂದ ಈಚಿನದಕ್ಕೆ ಬೇರೆ ಹಾಳೆ ಮಾಡಿ.

ಹಳೇಕಪ್:
ಮೇಲಿನ ಉತ್ತರಕ್ಕೆ ವಾಕ್‌ಓವರ್ (ಎದುರಾಳಿ ಬಾರದೆ, ಆಡದೆಯೇ ಮುಂದಿನ ಸುತ್ತಿಗೆ ಹೋಗೋದು) ವಿಷಯ ಸೇರಿಸ್ತೇನೆ. ಆಡದ ಪಂದ್ಯ ಯಾವ ಕಾಲಂಗೂ ಹೋಗಲ್ಲ.

1956ರ ಮೆಲ್ಬರ್ನ್ ಒಲಿಂಪಿಕ್ಸ್ ತಗೊಳ್ಳಿ. ಮೊದಲ ಸುತ್ತಿನಲ್ಲಿ ಹಂಗೆರಿ ಬರಲೇ ಇಲ್ಲ. ನಂತರ ಆಸ್ಟ್ರೇಲಿಯಾ ವಿರುದ್ಧ 4-2, ಅದರಲ್ಲಿ ಮೂರು ಗೋಲು ನೆವಿಲ್ ಡಿಸೋಜಾ ಅವರದ್ದು. ಸೆಮಿಫೈನಲ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ ಮೊದಲ ಗೋಲು ಹೊಡೆದದ್ದೂ ಅವರೇ, ಆದರೆ ಪಂದ್ಯ 1-4. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾಕ್ಕೆ 0-3. ಹಾಗಾಗಿ ನಾಲ್ಕನೇ ಸ್ಥಾನ ಬಂದರೂ ಸಾಲು ಹೀಗೆ: ಆಡಿದ್ದು 3, ಗೆಲುವು 1, ಸೋಲು 2, ಗೋಲು 5-9. ಇಷ್ಟಾದರೂ ಆ ಒಂದು ಗೆಲುವಿನ ತೂಕ ಈಚಿನ ಎಷ್ಟೋ ಕಪ್‌ಗಳಿಗಿಂತ ಹೆಚ್ಚು.

1950ರ ವಿಶ್ವಕಪ್‌ಗೆ "ಅರ್ಹತೆ ಪಡೆದು ಹಿಂದೆ ಸರಿದದ್ದು" ಅಂತ ಬರೆದು ಪಂದ್ಯ 0 ಹಾಕಿ. ಅರ್ಹತೆಯೂ ಸಿಕ್ಕಿದ್ದು ಎದುರಾಳಿಗಳು ಹಿಂದೆ ಸರಿದದ್ದರಿಂದಲೇ. ಬರಿಗಾಲಲ್ಲಿ ಆಡಬಾರದು ಅಂದದ್ದಕ್ಕೆ ಹೋಗಲಿಲ್ಲ ಅನ್ನೋ ಮಾತನ್ನು ದಯವಿಟ್ಟು ಕಾರಣದ ಕಾಲಂಗೆ ಹಾಕಬೇಡಿ. ಫೆಡರೇಷನ್ ಆಗ ಹೇಳಿದ್ದು ತಂಡದ ಆಯ್ಕೆಯ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯ ಸಾಲದ್ದು.

ಎಡವಿಂಗ್:
ಇಬ್ಬರಿಗೂ ಥ್ಯಾಂಕ್ಸ್. ಏಷ್ಯನ್ ಕಪ್ ಮೊತ್ತ ಹೀಗೆ ಬಂತು: 16 ಪಂದ್ಯ, 3 ಗೆಲುವು, 1 ಡ್ರಾ, 12 ಸೋಲು, ಗೋಲು 12-33. ಸರಿನಾ? 1964ರ ಫೈನಲ್ ಸ್ಕೋರ್ ಮಾತ್ರ ಎಲ್ಲೂ ಸಿಗ್ತಿಲ್ಲ.

ಸ್ಕೋರ್‌ಬುಕ್:
ಮೊತ್ತ ಸರಿ ಇದೆ. 1964ರಲ್ಲಿ ಫೈನಲ್ಲೇ ಇರಲಿಲ್ಲ. ನಾಲ್ಕು ತಂಡ, ಪ್ರತಿಯೊಬ್ಬರೂ ಉಳಿದ ಮೂವರ ವಿರುದ್ಧ ಆಡಿದ್ರು. ಭಾರತ ದಕ್ಷಿಣ ಕೊರಿಯಾವನ್ನು 2-0, ಹಾಂಗ್‌ಕಾಂಗನ್ನು 3-1ರಿಂದ ಸೋಲಿಸಿ, ಇಸ್ರೇಲ್‌ಗೆ 0-2ರಿಂದ ಸೋತು ಎರಡನೇ ಸ್ಥಾನ ಪಡೆಯಿತು. ಮೂರನೇ ಗೆಲುವು 2019ರ ಥಾಯ್ಲೆಂಡ್ ಪಂದ್ಯ, 4-1. ನಡುವೆ 55 ವರ್ಷ.

ಇನ್ನೆರಡು ಎಚ್ಚರಿಕೆ. "2023ರ ಏಷ್ಯನ್ ಕಪ್" ಆಡಿದ್ದು 2024ರ ಜನವರಿ–ಫೆಬ್ರವರಿಯಲ್ಲಿ, ದಿನಾಂಕದ ಪ್ರಕಾರ ವಿಂಗಡಿಸಿದರೆ ಆ ಮೂರು ಸೋಲು ಬೇರೆ ವರ್ಷಕ್ಕೆ ಹಾರುತ್ತವೆ. ಮತ್ತೆ, ಸ್ಯಾಫ್ ಮತ್ತು ಏಷ್ಯನ್ ಕಪ್ ಕೂಡಿಸಿ ಒಂದೇ ಗೆಲುವಿನ ಶೇಕಡಾ ತೆಗೆಯಬೇಡಿ. ಒಂಬತ್ತು ಸ್ಯಾಫ್ ಕಪ್‌ಗಳ ಅಂಕಿ ಆ ಹನ್ನೆರಡು ಸೋಲುಗಳನ್ನು ಮುಚ್ಚಿಬಿಡುತ್ತೆ. ಅರ್ಹತಾ ಪಂದ್ಯಗಳಿಗೂ ಪ್ರತ್ಯೇಕ ಸಾಲು ಇರಲಿ.