ಅಯೋನಿಯನ್ ದ್ವೀಪಗಳಲ್ಲಿ ಒಂದು ವಾರ ಹಾಯಿದೋಣಿ: ಕೋರ್ಫುನಿಂದ ಜಾಕಿಂಥೋಸ್‌ವರೆಗೆ ಆಗುತ್ತಾ?

ರೂಪಾ_ಅಲೆ:

ಎಲ್ಲರಿಗೂ ನಮಸ್ಕಾರ. ಜೂನ್ ಕೊನೆಯಲ್ಲಿ ಗ್ರೀಸ್‌ನ ಅಯೋನಿಯನ್ ದ್ವೀಪಗಳನ್ನು ಹಾಯಿದೋಣಿಯಲ್ಲಿ ಸುತ್ತಬೇಕು ಅಂತಿದ್ದೇವೆ. ನಾನು, ಯಜಮಾನರು, 8 ಮತ್ತು 11 ವರ್ಷದ ಇಬ್ಬರು ಮಕ್ಕಳು, ಜೊತೆಗೆ ನನ್ನ ತಮ್ಮ. ಲೆಫ್ಕಾಡಾದಲ್ಲಿ 38 ಅಡಿಯ ದೋಣಿ ನೋಡಿಟ್ಟಿದ್ದೇವೆ. ಶನಿವಾರದಿಂದ ಶನಿವಾರಕ್ಕೆ ಬಾಡಿಗೆ. ಸ್ಕಿಪ್ಪರ್ ಬೇಡ, ನಾವೇ ನಡೆಸೋದು.

ನನ್ನ ಹತ್ತಿರ ಡೇ ಸ್ಕಿಪ್ಪರ್ ಸರ್ಟಿಫಿಕೇಟ್ ಇದೆ, ಐಸಿಸಿ (ದೋಣಿ ನಡೆಸೋಕೆ ಅಂತರರಾಷ್ಟ್ರೀಯ ಅರ್ಹತಾ ಪತ್ರ) ಕೂಡ ಇದೆ. ತಮ್ಮನಿಗೆ ಹಾಯಿ ಎತ್ತೋದು, ಇಳಿಸೋದು, ಲಂಗರು ಹಾಕೋದು ಬರುತ್ತೆ. ಆದರೆ ಕಾಗದ ಇಲ್ಲ.

ನಮ್ಮ ಯೋಚನೆ ಹೀಗಿದೆ. ಲೆಫ್ಕಾಡಾದಿಂದ ಮೇಲಕ್ಕೆ ಪಾಕ್ಸೋಸ್, ಕೋರ್ಫು. ಅಲ್ಲಿಂದ ತಿರುಗಿ ಇಥಾಕಾ, ಕೆಫಲೋನಿಯಾ, ಜಾಕಿಂಥೋಸ್, ವಾಪಸ್. ಇದು ಜಾಸ್ತಿ ಆಯ್ತಾ? ಪರಿಚಯದವರೊಬ್ಬರು ಏಜಿಯನ್ ಸಮುದ್ರದ ಸೈಕ್ಲೇಡ್ಸ್ ದ್ವೀಪಗಳೇ ಚೆಂದ, ಅಲ್ಲಿಗೇ ಹೋಗಿ ಅಂತಾರೆ.

ಇನ್ನೆರಡು ಚಿಂತೆ ಇದೆ. ನಾನು ಕಲಿತದ್ದು ಉಬ್ಬರ ಇಳಿತ ಜಾಸ್ತಿ ಇರೋ ಕಡಲಲ್ಲಿ. ಅಲ್ಲಿ ದೋಣಿಯನ್ನು ದಕ್ಕೆಯ ಪಕ್ಕಕ್ಕೆ ಕಟ್ಟುತ್ತಿದ್ದೆವು. ಗ್ರೀಸ್‌ನಲ್ಲಿ ಲಂಗರು ಬಿಟ್ಟು ಹಿಂದಕ್ಕೆ ಹೋಗಿ ಕಟ್ಟಬೇಕಂತೆ. ಅದನ್ನು ನಾನು ಮಾಡೇ ಇಲ್ಲ. ಇನ್ನೊಂದು, ಚಿಕ್ಕವಳಿಗೆ ಅಲೆ ಎದ್ದರೆ ವಾಂತಿ ಬರುತ್ತೆ.

ಲಂಗರು_ಶಶಿ:

ರೂಪಾ ಅವರೇ, ನಾನು ಲೆಫ್ಕಾಡಾದ ನಿದ್ರಿಯಲ್ಲಿ ಕೆಲವು ಬೇಸಿಗೆ ಫ್ಲೋಟಿಲ್ಲಾ ಕೆಲಸ ಮಾಡಿದ್ದೇನೆ. ಬಾಡಿಗೆ ದೋಣಿಗಳೆಲ್ಲ ಗುಂಪಾಗಿ ಹೊರಡುತ್ತವೆ, ಅವರಿಗೆ ದಾರಿ ತೋರಿಸೋ ದೋಣಿ ನಮ್ಮದು. ಸಂಜೆ ದಕ್ಕೆಯ ಮೇಲೆ ನಿಂತು ಒಬ್ಬೊಬ್ಬರ ಹಗ್ಗ ಹಿಡಿದು ಕಟ್ಟಿಸೋದು ನನ್ನ ಕೆಲಸವಾಗಿತ್ತು. ಹಾಗಾಗಿ ನಿಮ್ಮ ಪಟ್ಟಿ ನೋಡಿ ಸುಮ್ನೆ ಕೂರೋಕಾಗಲಿಲ್ಲ.

ಕೋರ್ಫು, ಜಾಕಿಂಥೋಸ್ ಎರಡನ್ನೂ ಈ ಸಲ ಬಿಟ್ಟುಬಿಡಿ. ಲೆಫ್ಕಾಡಾದಿಂದ ಕೋರ್ಫು ಪಟ್ಟಣಕ್ಕೆ ಸುಮಾರು 60 ನಾಟಿಕಲ್ ಮೈಲು. ಜಾಕಿಂಥೋಸ್‌ಗೂ ಹತ್ತಿರಹತ್ತಿರ ಅಷ್ಟೇ. ಗಂಟೆಗೆ 5 ಮೈಲಿನಂತೆ ಹೋದರೂ ಒಂದು ಕಡೆಗೇ 12 ಗಂಟೆ. ಕೋರ್ಫು ಕಡೆ ಹೋಗುವಾಗ ಗಾಳಿ ಎದುರಿಗೆ, ಅಂದರೆ ಇಡೀ ದಿನ ಇಂಜಿನ್ ಸದ್ದು. ಅದರ ಮೇಲೆ ಶನಿವಾರ ಅಂತ ಬರೆದಿದ್ದರೂ ದೋಣಿಯನ್ನು ಸಾಮಾನ್ಯವಾಗಿ ಶುಕ್ರವಾರ ಸಂಜೆಯೇ ತಂದು ನಿಲ್ಲಿಸಬೇಕು. ಮೊದಲ ಶನಿವಾರ ಸಾಮಾನು ಏರಿಸಿ, ದೋಣಿ ವಶಕ್ಕೆ ತಗೊಳ್ಳೋದರಲ್ಲೇ ಮುಗಿಯುತ್ತೆ.

ಲೆಫ್ಕಾಡಾ, ಮೆಗಾನಿಸಿ, ಇಥಾಕಾ, ಕೆಫಲೋನಿಯಾದ ಉತ್ತರ ತುದಿ. ಇಷ್ಟೇ ಇಟ್ಟುಕೊಳ್ಳಿ. ಲೆಫ್ಕಾಡಾದ ಸಿವೋಟಾದಿಂದ ಇಥಾಕಾದ ಕಿಯೋನಿಗೆ ಸುಮಾರು 10 ಮೈಲು. ಕೆಫಲೋನಿಯಾದ ಫಿಸ್ಕಾರ್ಡೋದಿಂದ ಲೆಫ್ಕಾಡಾದ ವಸಿಲಿಕಿಗೂ ಅಷ್ಟೇ. ಮಕ್ಕಳಿಗೆ ಈಜೋಕೆ, ಊರು ನೋಡೋಕೆ ಹೊತ್ತು ಸಿಗೋದು ಹೀಗೆ ಹೋದರೆ ಮಾತ್ರ. ಫಿಸ್ಕಾರ್ಡೋವನ್ನು ತಪ್ಪಿಸಬೇಡಿ. 1953ರ ಆಗಸ್ಟ್ ಭೂಕಂಪದಲ್ಲಿ ಕೆಫಲೋನಿಯಾದ ಊರುಗಳು ಹೆಚ್ಚುಕಮ್ಮಿ ಎಲ್ಲ ನೆಲಸಮವಾದವು, ಈ ಊರು ಉಳಿಯಿತು. ನೀರಿನಂಚಿನ ಹಳೆಯ ಮನೆಗಳು ಈಗಲೂ ಹಾಗೇ ಇವೆ.

ಇನ್ನು ಗಾಳಿ. ಬೇಸಿಗೆಯಲ್ಲಿ ಅಲ್ಲಿ ಬೆಳಗ್ಗೆ ಗಾಳಿ ಇರೋದೇ ಇಲ್ಲ ಅನ್ನಬೇಕು. ಮಧ್ಯಾಹ್ನ ತಿರುಗಿದ ಮೇಲೆ ವಾಯವ್ಯದಿಂದ ಏಳುತ್ತೆ. ಮಾಯಿಸ್ತ್ರೋ ಅಂತ ಕರೆಯುತ್ತಾರೆ. 10ರಿಂದ 20 ನಾಟ್ಸ್ (ಅಂದರೆ ಗಂಟೆಗೆ ಅಷ್ಟು ನಾಟಿಕಲ್ ಮೈಲು) ಬೀಸಿ, ಹೊತ್ತು ಮುಳುಗುವಾಗ ನಿಂತುಹೋಗುತ್ತೆ. ಕಷ್ಟ ಏನು ಅಂದ್ರೆ, ಹಾಯಿ ಬಿಡೋಕೆ ಒಳ್ಳೆಯ ಹೊತ್ತಿನಲ್ಲೇ ಫಿಸ್ಕಾರ್ಡೋ, ಕಿಯೋನಿಯಂಥ ಚಿಕ್ಕ ಬಂದರುಗಳು ತುಂಬಿಬಿಡುತ್ತವೆ. ಎರಡೂ ಬೇಕು ಅಂತ ಹೊರಟರೆ ದಿನಾ ಸಂಜೆ ಗಾಬರಿ. ಒಂದು ದಿನ ಬೆಳಗ್ಗೆ ಇಂಜಿನ್‌ನಲ್ಲೇ ಹೋಗಿ ಒಳ್ಳೆಯ ಜಾಗ ಹಿಡಿಯಿರಿ. ಮರುದಿನ ಗಾಳಿ ಬರೋವರೆಗೆ ಯಾವುದೋ ಕೊಲ್ಲಿಯಲ್ಲಿ ಈಜಿಕೊಂಡಿದ್ದು, ಆಮೇಲೆ ಮನಸಾರೆ ಹಾಯಿ ಬಿಟ್ಟು ಸಂಜೆಗೆ ದೊಡ್ಡ ಕೊಲ್ಲಿಗೆ ಹೋಗಿ. ನಿದ್ರಿ ಹತ್ತಿರದ ವ್ಲಿಹೋ, ಇಥಾಕಾದ ವಾಥಿ ಎರಡೂ ವಿಶಾಲ. ವ್ಲಿಹೋದಲ್ಲಿ ತಳ ಕೆಸರು, ಲಂಗರು ಗಟ್ಟಿಯಾಗಿ ಕೂರುತ್ತೆ.

ಈಗ ಹಿಂದಕ್ಕೆ ಹೋಗಿ ಕಟ್ಟೋದು. ನಿಮ್ಮ ವಾರ ಚೆನ್ನಾಗಿರುತ್ತೋ ಇಲ್ಲವೋ ಅನ್ನೋದು ದ್ವೀಪಗಳ ಲೆಕ್ಕದ ಮೇಲಿಲ್ಲ, ಇದರ ಮೇಲಿದೆ. ದಕ್ಕೆಯ ಮೇಲೆ ನಿಂತು ನೋಡಿದ್ದೇನೆ. ದಿನವಿಡೀ ನಗುತ್ತಾ ಬಂದ ಸಂಸಾರ ಆ ಹತ್ತು ನಿಮಿಷದಲ್ಲಿ ಒಬ್ಬರ ಮೇಲೊಬ್ಬರು ಕೂಗಾಡಿ, ರಾತ್ರಿ ಮಾತಿಲ್ಲದೆ ಊಟ ಮಾಡೋದನ್ನ. ನಿಮಗೆ ಹಾಗಾಗಬಾರದು.

ಮೆಡಿಟರೇನಿಯನ್‌ನಲ್ಲಿ ನೀರು ಏರಿಳಿಯೋದು ತೀರಾ ಕಡಿಮೆ. ಅದಕ್ಕೇ ದೋಣಿಯ ಹಿಂಭಾಗ ದಕ್ಕೆಗೆ ಕೊಟ್ಟು, ಹಲಗೆ ಹಾಕಿ ಇಳಿಯೋದು ನಡೆಯುತ್ತೆ. ಬಂದರಿನ ಹೊರಗೇ ಎಲ್ಲ ಸಿದ್ಧ ಮಾಡಿಕೊಳ್ಳಿ. ಎರಡೂ ಪಕ್ಕಕ್ಕೆ ಫೆಂಡರ್ (ತಾಗಿದರೆ ಪೆಟ್ಟಾಗದಂತೆ ತೂಗುಬಿಡೋ ಗಾಳಿ ತುಂಬಿದ ದಿಂಬು), ಹಿಂದೆ ಎರಡು ಹಗ್ಗ. ಹಗ್ಗ ಕಂಬಿಯ ಹೊರಗಿಂದ ಬಂದಿರಬೇಕು, ಎಲ್ಲೂ ಸಿಕ್ಕಿಕೊಂಡಿರಬಾರದು. ತಮ್ಮ ಮುಂದೆ ಲಂಗರಿನ ಹತ್ತಿರ, ಯಜಮಾನರು ಹಿಂದೆ ಹಗ್ಗ ಹಿಡಿದು, ಮಕ್ಕಳು ಕೂತಲ್ಲೇ. ಲಂಗರಿನ ಮೋಟರ್ ಸದ್ದಿಗೆ ಮಾತು ಕೇಳಲ್ಲ. ‘ಬಿಡು’, ‘ನಿಲ್ಲಿಸು’, ‘ಎಷ್ಟು ಮೀಟರ್’ ಇವಕ್ಕೆ ಕೈಸನ್ನೆ ಮೊದಲೇ ಮಾತಾಡಿಕೊಳ್ಳಿ.

ದೂರದಿಂದಲೇ ಹಿಂದಕ್ಕೆ ಶುರು ಮಾಡಿ. ನಿಂತ ದೋಣಿ ಚುಕ್ಕಾಣಿಯ ಮಾತು ಕೇಳಲ್ಲ, ಸ್ವಲ್ಪ ವೇಗ ಬಂದ ಮೇಲೇ ಕೇಳೋದು. ನೀವು ಹೋಗಬೇಕಾದ ಜಾಗದ ನೇರಕ್ಕೆ, ದಕ್ಕೆಯಿಂದ ನಾಲ್ಕು ದೋಣಿಯಷ್ಟು ದೂರದಲ್ಲಿ ಲಂಗರು ಬಿಡಿ. ಆಮೇಲೆ ಸರಪಳಿ ತಡೆಯಿಲ್ಲದೆ ಹೋಗುತ್ತಾ ಇರಬೇಕು. ತಮ್ಮ ಮಧ್ಯದಲ್ಲಿ ನಿಲ್ಲಿಸಿದರೆ ದೋಣಿಯ ಮುಂಭಾಗ ಒಂದು ಕಡೆಗೆ ಎಳೆದುಕೊಳ್ಳುತ್ತೆ, ಪಕ್ಕದ ದೋಣಿಗೆ ತಾಗುತ್ತೆ. ದಕ್ಕೆ ಒಂದು ದೋಣಿಯಷ್ಟು ದೂರ ಇರುವಾಗ ಸರಪಳಿ ಹಿಡಿದು ನೋಡಿ. ಬಿಗಿಯಾಯಿತಾ, ಲಂಗರು ಕಚ್ಚಿದೆ. ಗಾಳಿ ಬರೋ ಕಡೆಯ ಹಗ್ಗ ಮೊದಲು ಕಟ್ಟಬೇಕು, ಇನ್ನೊಂದು ಆಮೇಲೆ. ಕೊನೆಗೆ ಸರಪಳಿ ಎಳೆದು ದೋಣಿ ದಕ್ಕೆಗೆ ತಾಗದ ಹಾಗೆ ನಿಲ್ಲಿಸಿ. ಎಳೆದಷ್ಟೂ ಸುಮ್ನೆ ಬರುತ್ತಾ ಇದ್ದರೆ ಲಂಗರು ಹಿಡಿದಿಲ್ಲ. ಹಗ್ಗ ಬಿಚ್ಚಿ ಹೊರಗೆ ಹೋಗಿ ಮತ್ತೆ ಬನ್ನಿ. ಎರಡು ಮೂರು ಸಲ ಬರೋರು ಅಲ್ಲಿ ದಿನಾ ಇರುತ್ತಾರೆ, ಯಾರೂ ಏನೂ ಅಂದುಕೊಳ್ಳಲ್ಲ. ಕಾಲು ಚಾಚಿ ದೋಣಿ ತಡೆಯೋಕೆ ಮಾತ್ರ ಯಾರನ್ನೂ ಬಿಡಬೇಡಿ. ಟನ್‌ಗಟ್ಟಲೆ ತೂಕ ಅದು.

ಹೊರಟ ಮೊದಲ ದಿನ ಸಂಜೆ ಮೆಗಾನಿಸಿಯ ಸ್ಪಾರ್ಟೋಖೋರಿಗೆ ಹೋಗಿ. ಅಲ್ಲಿ ಊಟದ ಮನೆಯವರೇ ದೋಣಿ ಕಟ್ಟಿಸಿಕೊಳ್ಳುತ್ತಾರೆ. ತಳಕ್ಕೆ ಕಟ್ಟಿದ ಹಗ್ಗ ಎತ್ತಿ ಕೊಡುತ್ತಾರೆ, ಲಂಗರೇ ಬೇಕಾಗಲ್ಲ. ಹಿಂದಕ್ಕೆ ಹೋಗೋದು ಅಭ್ಯಾಸ ಆಗುತ್ತೆ. ರಾತ್ರಿ ಊಟ ಅವರಲ್ಲೇ ಮಾಡಬೇಕು, ಅದು ಅಲ್ಲಿಯ ಪದ್ಧತಿ.

ಏಜಿಯನ್_ಗಾಳಿ:

ನಾನು ಸೈಕ್ಲೇಡ್ಸ್ ಕಡೆಯವನು, ಅಂದ್ರೆ ಮನಸ್ಸು ಅಲ್ಲಿ. ಅಲ್ಲಿಯ ಕಿಥ್ನೋಸ್ ದ್ವೀಪದಲ್ಲಿ ಕೊಲೋನಾ ಅಂತ ಇದೆ. ಸಣ್ಣ ಮರಳಿನ ದಿಬ್ಬ, ಎರಡೂ ಕಡೆ ಸಮುದ್ರ. ಅದನ್ನು ನೋಡೋಕೇ ಹೋಗಬೇಕು. ಆದರೂ ಶಶಿಯವರು ಹೇಳಿದ್ದು ಸರಿ. ಮಕ್ಕಳ ಜೊತೆ ಮೊದಲ ಸಲ ಅಂದ್ರೆ ಅಯೋನಿಯನ್.

ಕಾರಣ ಮೆಲ್ತೆಮಿ ಅನ್ನೋ ಗಾಳಿ. ಬೇಸಿಗೆಯಲ್ಲಿ ಬಾಲ್ಕನ್ ಕಡೆ ಗಾಳಿಯ ಒತ್ತಡ ಹೆಚ್ಚು, ಟರ್ಕಿ ಕಡೆ ಕಡಿಮೆ. ಆ ನಡುವೆ ಏಜಿಯನ್ ಮೇಲೆ ಉತ್ತರದಿಂದ ಬೀಸುತ್ತೆ. ಜುಲೈ, ಆಗಸ್ಟ್‌ನಲ್ಲಿ ಜೋರು. 30 ನಾಟ್ಸ್ ಮುಟ್ಟಿದರೆ ಆಶ್ಚರ್ಯ ಇಲ್ಲ. ಸಂಜೆಗೆ ನಿಲ್ಲಲೇಬೇಕು ಅಂತಿಲ್ಲ, ರಾತ್ರಿಯೂ ಬೀಸುತ್ತೆ, ದಿನಗಟ್ಟಲೆ ಬೀಸುತ್ತೆ. ಆಗ ದೋಣಿ ಬಂದರಿನಲ್ಲೇ. ದಕ್ಷಿಣಕ್ಕೆ ಇಳಿಯೋದು ಸುಲಭ. ಶುಕ್ರವಾರದೊಳಗೆ ವಾಪಸ್ ಬರಬೇಕಲ್ಲ, ಕಷ್ಟ ಅಲ್ಲಿರೋದು.

ಅಯೋನಿಯನ್ ಅಂದ್ರೆ ಯಾವಾಗಲೂ ಶಾಂತ ಅಂತಲೂ ಅಂದುಕೊಳ್ಳಬೇಡಿ. 2020ರ ಸೆಪ್ಟೆಂಬರ್‌ನಲ್ಲಿ ಇಯಾನೋಸ್ ಚಂಡಮಾರುತ ಬಂದು ಕೆಫಲೋನಿಯಾ, ಇಥಾಕಾದಲ್ಲಿ ಎಷ್ಟೋ ದೋಣಿಗಳು ಹಾಳಾದವು. ಜೂನ್‌ನಲ್ಲಿ ಅಂಥದ್ದರ ಭಯ ಇಲ್ಲ. ಆದರೂ ದಿನಾ ಬೆಳಗ್ಗೆ ಮುನ್ಸೂಚನೆ ನೋಡಿ. ದೋಣಿಯ ವಿಎಚ್‌ಎಫ್ ರೇಡಿಯೋದಲ್ಲಿ ಚಾನೆಲ್ 16 (ತುರ್ತು ಕರೆಯ ಚಾನೆಲ್) ಹಾಕಿಯೇ ಇರಲಿ.

ಮೀರಾ_ತೀರ:

ರೂಪಾ, ಚಿಕ್ಕವಳ ವಿಷಯ ಹೇಳ್ತೀನಿ. ನನ್ನ ಮಗನಿಗೂ ಹೀಗೇ ಆಗ್ತಿತ್ತು. ಅಲೆ ಇರುವಾಗ ಅವಳನ್ನು ಕೆಳಗೆ ಕ್ಯಾಬಿನ್‌ಗೆ ಕಳಿಸಲೇಬೇಡಿ. ಮೇಲೆ, ಹಿಂಭಾಗದಲ್ಲಿ ಕೂರಿಸಿ. ದೂರದ ದ್ವೀಪ ನೋಡುತ್ತಾ ಇರಲಿ. ಪುಸ್ತಕ, ಫೋನ್ ಬೇಡ. ಚುಕ್ಕಾಣಿ ಕೈಗೆ ಕೊಟ್ಟು, ‘ಆ ಬೆಟ್ಟದ ಕಡೆಗೇ ಹೋಗಬೇಕು’ ಅಂತ ಹೇಳಿ ಪಕ್ಕದಲ್ಲೇ ನಿಂತುಕೊಳ್ಳಿ. ನನ್ನ ಮಗನಿಗೆ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಇದೇ. ಮಾತ್ರೆ ಕೊಡೋದಾದರೆ ಹೊರಡೋ ಮುಂಚೆಯೇ ಕೊಡಬೇಕು, ಅವಳ ವಯಸ್ಸಿಗೆ ಎಷ್ಟು ಅಂತ ಡಾಕ್ಟರ್ ಹತ್ತಿರ ಕೇಳಿಕೊಳ್ಳಿ. ಹೊಟ್ಟೆ ಖಾಲಿ ಇಟ್ಟರೂ ತೊಂದರೆ. ಒಣ ಬ್ರೆಡ್ಡು ಕೈಗೆ ಸಿಗೋ ಹಾಗೆ ಇರಲಿ.

ಮಕ್ಕಳ ಅಳತೆಯ ಲೈಫ್ ಜಾಕೆಟ್ ಬೇಕು ಅಂತ ಈಗಲೇ ಬರೆದು ಕೇಳಿ. ದೋಣಿ ತಗೊಳ್ಳುವಾಗ ಹಾಕಿಸಿ ನೋಡಿ.

ಇಥಾಕಾದಲ್ಲಿ ರೊವಾನಿ ಅಂತ ಸಿಹಿ ಮಾಡುತ್ತಾರೆ, ಅಕ್ಕಿ ಮತ್ತು ಜೇನುತುಪ್ಪದ್ದು. ಮಕ್ಕಳಿಗೆ ಇಷ್ಟ ಆಗುತ್ತೆ.

ರೂಪಾ_ಅಲೆ:

ಎಲ್ಲರಿಗೂ ತುಂಬಾ ಧನ್ಯವಾದ. ಕೋರ್ಫು, ಜಾಕಿಂಥೋಸ್ ಎರಡನ್ನೂ ತೆಗೆದುಹಾಕಿದೆ. ಯಜಮಾನರಿಗೂ ಸಮಾಧಾನ ಆಯ್ತು. ಶಶಿ ಸರ್, ಇನ್ನೆರಡೇ ಪ್ರಶ್ನೆ. ತಮ್ಮನಿಗೆ ಕಾಗದ ಇಲ್ಲದಿದ್ದರೆ ದೋಣಿ ಕೊಡುತ್ತಾರಾ? ನಮ್ಮ ಲಂಗರು ಬೇರೆಯವರ ಸರಪಳಿಗೆ ಸಿಕ್ಕಿಕೊಂಡರೆ ಏನು ಮಾಡಬೇಕು?

ಲಂಗರು_ಶಶಿ:

ಗ್ರೀಸ್‌ನಲ್ಲಿ ಸ್ಕಿಪ್ಪರ್‌ಗೆ ಸರ್ಟಿಫಿಕೇಟ್ ಇರಬೇಕು, ಜೊತೆಗೆ ದೋಣಿ ನಡೆಸಿ ಗೊತ್ತಿರೋ ಇನ್ನೊಬ್ಬರು ಇರಬೇಕು. ಆ ಎರಡನೆಯವರು ತಮಗೆ ಅನುಭವ ಇದೆ ಅಂತ ಸಹಿ ಮಾಡಿಕೊಟ್ಟರೆ ಸಾಮಾನ್ಯವಾಗಿ ಸಾಕು. ತಮ್ಮ ಅದನ್ನು ಮಾಡಬಹುದು. ದುಡ್ಡು ಕಟ್ಟೋ ಮೊದಲೇ ಬಾಡಿಗೆಯವರಿಂದ ಇಮೇಲ್‌ನಲ್ಲಿ ಒಪ್ಪಿಗೆ ತಗೊಳ್ಳಿ. ನಿಮ್ಮ ಸರ್ಟಿಫಿಕೇಟ್‌ಗಳ ಮೂಲ ಪ್ರತಿ ಜೊತೆಗಿರಲಿ.

ಸರಪಳಿ ಸಿಕ್ಕಿಕೊಳ್ಳೋದು ಅಲ್ಲಿ ದಿನನಿತ್ಯದ ಮಾತು. ನಿಮ್ಮ ಲಂಗರನ್ನು ನಿಧಾನ ಎತ್ತಿ, ಸಿಕ್ಕಿದ ಸರಪಳಿ ನೀರಿನ ಮೇಲೆ ಕಾಣೋ ತನಕ. ಒಂದು ಹಗ್ಗದ ತುದಿ ದೋಣಿಗೆ ಕಟ್ಟಿ, ಇನ್ನೊಂದು ತುದಿ ಆ ಸರಪಳಿಯ ಅಡಿಯಿಂದ ತೂರಿಸಿ ಮೇಲಕ್ಕೆ ತಂದು ಕಟ್ಟಿ. ಈಗ ಅವರ ಸರಪಳಿಯ ಭಾರ ಹಗ್ಗದ ಮೇಲೆ. ನಿಮ್ಮ ಲಂಗರು ಒಂದೆರಡು ಮೀಟರ್ ಇಳಿಸಿ. ಬಿಡಿಸಿಕೊಂಡು ಪಕ್ಕಕ್ಕೆ ಬರುತ್ತೆ. ಆಮೇಲೆ ಹಗ್ಗದ ಒಂದು ತುದಿ ಬಿಟ್ಟರೆ ಅವರದು ಅವರ ಜಾಗಕ್ಕೆ ಹೋಗಿ ಬೀಳುತ್ತೆ. ಬೆರಳನ್ನು ಸರಪಳಿ ಹತ್ತಿರ ತರಬೇಡಿ, ಹಗ್ಗ ತೂರಿಸೋಕೆ ದೋಣಿಯಲ್ಲಿರೋ ಕೊಕ್ಕೆ ಕೋಲು ಬಳಸಿ. ಗಾಳಿ ಇಲ್ಲದ ಬೆಳಗಿನ ಹೊತ್ತಿನಲ್ಲಿ ಹೊರಟರೆ ಇದನ್ನೆಲ್ಲ ನಿಧಾನಕ್ಕೆ ಮಾಡಬಹುದು.

ಕಿಯೋನಿಗೆ ಹೋಗೋ ದಿನ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ತಲುಪಿ. ಬಂದರಿನ ಬಾಯಿಯ ಹತ್ತಿರ ಗುಡ್ಡದ ಮೇಲೆ ಮೂರು ಹಾಳುಬಿದ್ದ ಗಾಳಿಗಿರಣಿ ಕಾಣುತ್ತವೆ, ಅದೇ ಗುರುತು. ಜಾಗ ಇಲ್ಲದಿದ್ದರೆ ಹತ್ತಿರದಲ್ಲೇ ಫ್ರಿಕೆಸ್ ಇದೆ. ಆದರೆ ಮಧ್ಯಾಹ್ನ ಅಲ್ಲಿ ಬೆಟ್ಟದಿಂದ ಗಾಳಿ ಜೋರಾಗಿ ಬಡಿಯುತ್ತೆ. ನಾನಾದರೆ ದಕ್ಷಿಣಕ್ಕೆ ವಾಥಿಗೇ ಹೋಗಿ ಲಂಗರು ಹಾಕುತ್ತಿದ್ದೆ.